ಮೊಮ್ಮಗಳ ಮೊಂಡು ಅಯಸ್ಕಾಂತ

ನಮ್ಮ ಮೊಮ್ಮಗಳ ತಲೆ ಸ್ವಲ್ಪ ಸಡಿಲ ಎಂದು ಇಡೀ ಭಾಲ್ಕಿಯಲ್ಲಿ ಮೊಟ್ಟಮೊದಲು ಹೇಳಿದವನು ನಾನು! ಈಗ ಬೀದರಿನವರೂ ಹೇಳುತ್ತಾರೆ, ಔರಾದಿನ ಬೀಗರೂ ಹೇಳುತ್ತಾರೆ, ಹೈದರಾಬಾದಿನಲ್ಲಿರುವ ಅವಳ ಗೈಡ್ ಸಾಹೇಬರು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರಂತೆ. ಹೇಳಲಿ ಬಿಡಿ. ಆದರೆ ಮೊದಲು ಕಂಡುಹಿಡಿದವನಿಗೆ ಒಂದು ಮಾನ ಅಂತ ಇರುತ್ತದೋ ಇಲ್ಲವೋ?

ನಾನು ಓದಿದ್ದು ನಾಲ್ಕನೆಯ ತರಗತಿ. ಅದರಲ್ಲೂ ಮಾಸ್ತರರು ಬಂದ ದಿನ ನಾನು ಇರುತ್ತಿರಲಿಲ್ಲ, ನಾನು ಹೋದ ದಿನ ಮಾಸ್ತರರು ಇರುತ್ತಿರಲಿಲ್ಲ. ಹಾಗಾಗಿ ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬರುವ ಪ್ರಸಂಗವೇ ಒದಗಲಿಲ್ಲ. ಆಮೇಲೆ ಭಾಲ್ಕಿಯಲ್ಲೇ ಹಿಟ್ಟಿನ ಗಿರಣಿ ಹಾಕಿದೆ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಬರೆಯುವಾಗಲೂ ಕೂಗಿದ ಹಾಗೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಅದಲ್ಲದೆ ಇವತ್ತು ನನಗೆ ಆಗಿರುವ ಖುಷಿಗೆ ಮೆಲ್ಲಗೆ ಮಾತಾಡುವುದು ಸಾಧ್ಯವೂ ಇಲ್ಲ!

ಈ ಹುಡುಗಿಯ ಅಪ್ಪ, ಅವ್ವ ಇಬ್ಬರಿಗೂ ಬೀದರಿನಲ್ಲಿ ನೌಕರಿ. ಕೂಸು ಬೆಳೆದದ್ದು ಮಾತ್ರ ಭಾಲ್ಕಿಯಲ್ಲಿ, ನನ್ನ ಮತ್ತು ನಮ್ಮಾಕೆಯ ನಡುವೆ, ಹಿಟ್ಟಿನ ಧೂಳಿನಲ್ಲಿ. ಬೇರೆ ಮಕ್ಕಳು ದಾರಕ್ಕೆ ಆಟದ ಗಾಡಿ ಕಟ್ಟಿ ಎಳೆಯುತ್ತವೆ. ಇವಳು? ಕೆಟ್ಟ ರೇಡಿಯೊದ ಹೊಟ್ಟೆ ಬಗೆದು, ಸ್ಪೀಕರಿನ ಹಿಂದಿದ್ದ ಅಯಸ್ಕಾಂತ ಕಿತ್ತು, ಅದಕ್ಕೆ ದಾರ ಕಟ್ಟಿ ನಾಯಿಮರಿಯ ಹಾಗೆ ಓಣಿ ತುಂಬ ಎಳೆದುಕೊಂಡು ಹೋಗುತ್ತಿದ್ದಳು. ಶಾಲೆಯಿಂದ ಮನೆಗೆ ಬರುವಷ್ಟರಲ್ಲಿ ಅದಕ್ಕೆ ಗಡ್ಡ ಬೆಳೆದಿರುತ್ತಿತ್ತು. ಮೊಳೆ, ಪಿನ್ನು, ಮುರಿದ ಬ್ಲೇಡು, ರಸ್ತೆಯ ಧೂಳಿನೊಳಗಿನ ಕರಿ ಪುಡಿ!

"ಮುತ್ಯಾ, ಇದಕ್ಕ ಕಟಿಂಗ್ ಮಾಡಸ್ಬೇಕು ನೋಡು," ಎಂದು ನನ್ನ ಮುಂದೆ ಹಿಡಿಯುತ್ತಿದ್ದಳು.

ಒಂದು ದಿನ ನಾನು ಊಟಕ್ಕೆ ಹೋದ ಹೊತ್ತಿಗೆ ಅದನ್ನು ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಕಟ್ಟಿಬಿಟ್ಟಿದ್ದಾಳೆ. ಸಂಜೆಗೆ ನೋಡಿದರೆ ಅದರ ಮೈಗೆ ಕಬ್ಬಿಣದ ಚೂರು ಅಂಟಿವೆ. ಸುಮ್ಮನಿದ್ದರೆ ನನ್ನ ವ್ಯಾಪಾರ ಉಳಿಯುತ್ತಿತ್ತು. ಇವಳು ಬಂದ ಬಂದ ಗಿರಾಕಿಗೆಲ್ಲ ಎತ್ತಿ ತೋರಿಸಿದಳು: "ನೋಡ್ರಿ, ನಿಮ್ಮ ಹಿಟ್ಟಿನಾಗ ಇಷ್ಟು ಕಬ್ಬಿಣ ಇತ್ತು!"

ಮರುದಿನದಿಂದ ಅರ್ಧ ಓಣಿ ಬೇರೆ ಗಿರಣಿಗೆ ಹೋಯಿತು. ಒಬ್ಬ ಮುದುಕಿ ಮಾತ್ರ ಜೋಳದ ಡಬ್ಬಿ ಹೊತ್ತು ನಮ್ಮಲ್ಲಿಗೇ ಬಂದಳು. ನನಗೆ ಕಣ್ಣೀರು ಬರುವುದೊಂದು ಬಾಕಿ! ಆಕೆ ಕಿವಿಯ ಹತ್ತಿರ ಬಂದು ಹೇಳಿದಳು: "ನಮ್ಮ ಸೊಸಿಗಿ ರಕ್ತ ಕಡಿಮಿ ಅದ ಅಂತ ಡಾಕ್ಟರ್ ಹೇಳ್ಯಾರ್ರಿ. ನಮ್ಮ ಹಿಟ್ಟಿನಾಗಿನ ಕಬ್ಬಿಣ ತಗೀಬ್ಯಾಡ್ರಿ. ಆದ್ರ ಜರಾ ಹೆಚ್ಚೇ ಹಾಕ್ರಿ!"

ಇಂಥವಳು ದೊಡ್ಡವಳಾಗಿ ಏನಾಗಬೇಕು ಹೇಳಿ? ಅಯಸ್ಕಾಂತದಲ್ಲೇ ಪಿಎಚ್.ಡಿ.ಗೆ ಕೂತಳು. ಅವಳ ವಿಷಯದ ಹೆಸರು 'ಸ್ಪಿನ್-ಆರ್ಬಿಟ್ ಟಾರ್ಕ್'. ಇದನ್ನು ತಡವರಿಸದೆ ಹೇಳಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ನಮ್ಮಾಕೆ ಆ ಗೋಜಿಗೇ ಹೋಗಲಿಲ್ಲ. ಯಾರಾದರೂ ಕೇಳಿದರೆ "ಮ್ಯಾಗ್ನೆಟ್ ಹೊಳ್ಳಸೂ ಕೆಲಸ ಮಾಡ್ತಾಳ," ಎಂದುಬಿಡುತ್ತಾಳೆ. ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕುವ ಕೆಲಸ ಇದ್ದಂತೆ!

ಆ ಟಾರ್ಕ್ ಎಂದರೇನು ಎಂದು ನನಗೆ ತಿಳಿದದ್ದು ಔರಾದಿನಲ್ಲಿ, ನಮ್ಮಾಕೆಯ ತವರಿನ ಒಂದು ಮದುವೆಯಲ್ಲಿ. ಮಂಗಳಾಷ್ಟಕ ನಡೆದಿದೆ. ಎಲ್ಲರ ಮುಷ್ಟಿಯಲ್ಲಿ ಅಕ್ಷತೆ. ಇವಳು ಮಾತ್ರ ವಧೂವರರ ಕಡೆಗೆ ಬೆನ್ನು ಹಾಕಿ, ಕುರ್ಚಿಯ ಮೇಲೆ ಹತ್ತಿ ನಿಂತು ಬಾಗಿಲನ್ನೇ ನೋಡುತ್ತಿದ್ದಾಳೆ.

"ಏ ಇಳಿ ಕೆಳಗ, ಮಂದಿ ನೋಡ್ಲತಾರ," ಅಂದೆ.

"ಮುತ್ಯಾ, ಬಾಗಲ್ದಾಗ ನೋಡು. ಎಲ್ಲಾರೂ ಕೂಡೇ ಬರ್ಲತಾರ. ಒಳಗ ಬಂದ ಮ್ಯಾಲ ಏನ್ ಮಾಡ್ತಾರ?"

"ಏನ್ ಮಾಡ್ತಾರ? ಗಂಡಸ್ರು ಆ ಕಡಿ, ಹೆಣ್ಮಕ್ಕಳು ಈ ಕಡಿ."

"ಹಂಗ ಮಾಡ್ರಿ ಅಂತ ಯಾರರ ಹೇಳ್ಯಾರೇನು?"

"ಯಾರ್ ಹೇಳ್ತಾರ? ತಾವೇ ಸರೀತಾರ."

"ಎಲೆಕ್ಟ್ರಾನೂ ಹಂಗೇ ಮುತ್ಯಾ! ಒಂದೊಂದೂ ಬುಗರಿ ಇದ್ದಂಗ. ನನ್ನ ಲೋಹದಾಗ ಕರೆಂಟ್ ಬಿಟ್ರ ಬಲಕ್ಕ ತಿರಗೋ ಬುಗರಿ ಒಂದು ಅಂಚಿಗಿ, ಎಡಕ್ಕ ತಿರಗೋ ಬುಗರಿ ಇನ್ನೊಂದು ಅಂಚಿಗಿ ಸರೀತಾವ. ಆ ಅಂಚಿನ ಬಾಜೂಕೇ ಒಂದು ಮ್ಯಾಗ್ನೆಟ್ ಇಟ್ರ, ಈ ಗುಂಪು ಹೋಗಿ ಅದನ್ನ ಒತ್ತಿ..."

ಅಷ್ಟರಲ್ಲಿ ಹೆಂಗಸರ ಕಡೆ ಗುಂಪು ಹೆಚ್ಚಾಗಿ ಪಕ್ಕದ ಪರದೆಗೆ ಒತ್ತಿತು. ಪರದೆಯ ಆ ಕಡೆ ಅಡುಗೆಯವನು ಕಡಾಯಿಯ ಮುಂದೆ ನಿಂತಿದ್ದ. ಒತ್ತಿದ ರಭಸಕ್ಕೆ ಸೌಟಿನ ಸಮೇತ ಗಿರ್ರನೆ ತಿರುಗಿ ನಮ್ಮ ಕಡೆ ಮುಖ ಮಾಡಿದ!

"ಅದೇ! ಅದೇ ಟಾರ್ಕ್!" ಎಂದು ಮೊಮ್ಮಗಳು ಕುರ್ಚಿಯ ಮೇಲಿಂದ ಕಿರುಚಿ ಚಪ್ಪಾಳೆ ಹೊಡೆದಳು.

ಮಂಗಳಾಷ್ಟಕ ಇನ್ನೂ ನಡುವಿನಲ್ಲಿತ್ತು. ಆದರೆ ಚಪ್ಪಾಳೆ ಕೇಳಿದ ಮೇಲೆ ನಮ್ಮ ಮಂದಿ ನಿಲ್ಲುತ್ತಾರೆಯೇ? ಇಡೀ ಮಂಟಪ ಅಕ್ಷತೆ ಎಸೆದುಬಿಟ್ಟಿತು! ಬ್ಯಾಂಡಿನವರು ಬಾರಿಸಿದರು. ಐನೋರು ಬಾಯಿ ತೆರೆದವರು ತೆರೆದೇ ನಿಂತರು. ಮುಹೂರ್ತಕ್ಕೆ ಮುಂಚೆ ಮದುವೆಯಾದ ಆ ಜೋಡಿ ಚೆನ್ನಾಗಿಯೇ ಇದೆ, ಗಾಬರಿಯಾಗಬೇಡಿ.

ಊಟಕ್ಕೆ ಕೂತಾಗ ನಮ್ಮಾಕೆಯ ಅಣ್ಣ ಮೊಮ್ಮಗಳನ್ನು ಹಿಡಿದುಕೊಂಡರು. "ಮಂದಿ ಮದುವಿ ಲಗೂನೇ ಮುಗಿಸಿದಿ. ನಿನ್ನ ಮದುವಿ ಯಾವಾಗ, ಪೋರಿ?"

"ನನ್ನ ಮ್ಯಾಗ್ನೆಟ್ ಮಗ್ಗಲಾದ ಮ್ಯಾಲ, ಮಾಮಾ."

ಅವಳೇನೋ ಹೇಳಿ ಬಾಳೆಲೆಯ ಹೋಳಿಗೆಗೆ ಕೈ ಹಾಕಿದಳು. ಅವತ್ತಿನಿಂದ ಔರಾದಿನ ಬೀಗರು ನನಗೆ ಫೋನ್ ಮಾಡಿದರೆ ಆರಾಮ ಇದ್ದೀರಾ ಎಂದು ಕೇಳುವುದನ್ನೇ ಬಿಟ್ಟರು. ಫೋನ್ ಎತ್ತಿದ ಕೂಡಲೇ "ಮಗ್ಗಲಾತೇನ್ರಿ?"

ಮಗ್ಗುಲಾಗುವುದು, ಅಂದರೆ ಅತ್ತಿಂದಿತ್ತ ಹೊರಳುವುದು, ಅಷ್ಟು ಸುಲಭವೇ? ನನಗೆ ತಿಳಿದಷ್ಟು ಹೇಳುತ್ತೇನೆ. ಆ ಅಯಸ್ಕಾಂತ ಕಣ್ಣಿಗೆ ಕಾಣುವಂಥದ್ದಲ್ಲ, ಕೂದಲಿಗಿಂತ ಎಷ್ಟೋ ತೆಳು. ಹೈದರಾಬಾದಿನ ದೊಡ್ಡ ಸಂಸ್ಥೆಯಲ್ಲಿ ಒಂದು ಹೊಸ ಬಗೆಯ ಲೋಹದ ಪದರ ಹಾಕಿ, ಅದರ ಮೇಲೆ ಈ ಅಯಸ್ಕಾಂತದ ಪದರ ಹಾಸಿ, ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಇವಳು ಬೀದರಿನಲ್ಲಿ, ನೌಬಾದ ಕಡೆಯ ಒಂದು ಕಾಲೇಜಿನ ಹಿಂದಿನ ಕೋಣೆಯಲ್ಲಿ, ಅದಕ್ಕೆ ಕರೆಂಟ್ ಬಿಟ್ಟು ನೋಡುತ್ತಾಳೆ. ಅಯಸ್ಕಾಂತದ ಮುಖ ಮೇಲಕ್ಕೆ ಇರುತ್ತದೆ. ಕರೆಂಟ್ ಬಿಟ್ಟರೆ ಅದು ಮಲಗುತ್ತದೆ. ಕರೆಂಟ್ ನಿಲ್ಲಿಸಿದಾಗ ಮುಖ ಕೆಳಗಾಗಿ ಏಳಬೇಕು. ಆದರೆ ಅದಕ್ಕೆ ಯಾವ ಕಡೆ ಏಳಬೇಕು ಎಂಬುದೇ ತಿಳಿಯುವುದಿಲ್ಲ. ಮಧ್ಯಾಹ್ನ ಮಲಗಿ ಎದ್ದ ನನ್ನ ಹಾಗೆ! ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅದರ ಮನಸ್ಸು ಬಂದಂತೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಅಯಸ್ಕಾಂತ ಇಟ್ಟು ದಾರಿ ತೋರಿಸುತ್ತಾರೆ. ಆಗ ಹೇಳಿದ ಹಾಗೆ ಕೇಳುತ್ತದೆ.

ನಮ್ಮ ಹುಡುಗಿಯ ಹಟ ಏನು ಗೊತ್ತೇ? ಆ ಆಸರೆಯ ಅಯಸ್ಕಾಂತವೇ ಬೇಡ! ಬರೀ ಕರೆಂಟಿನಿಂದ, ಪ್ರತಿ ಸಲವೂ, ಹೇಳಿದ ಕಡೆಗೇ ತಿರುಗಬೇಕು. ಹಾಗಾದರೆ ಮುಂದೆ ಕರೆಂಟ್ ಹೋದರೂ ಏನನ್ನೂ ಮರೆಯದ, ಬಲು ಕಡಿಮೆ ಕರೆಂಟ್ ತಿನ್ನುವ ಕಂಪ್ಯೂಟರು ಮಾಡಬಹುದಂತೆ. ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ಗಿರಣಿ ನಡೆಸಿದವನಿಗೆ ಇದರ ಬೆಲೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಆದರೆ ಗೈಡ್ ಸಾಹೇಬರು ಖಡಕ್ಕಾಗಿ ಹೇಳಿದ್ದರು. ಬರುವ ಬೇಸಿಗೆಯೊಳಗೆ ಆಸರೆಯಿಲ್ಲದೆ ತಿರುಗಿದರೆ ಪ್ರಬಂಧ ಬರೆದು ಡಾಕ್ಟರ್ ಆಗು. ತಿರುಗದಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ಬೇರೆ ವಿಷಯ ಹಿಡಿ. ಅಂದರೆ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು! ಹುಡುಗಿ ನಗುನಗುತ್ತಲೇ ಇದ್ದಳು. ಆದರೆ ರೊಟ್ಟಿ ಅರ್ಧಕ್ಕೆ ಬಿಟ್ಟು ಏಳುವುದನ್ನು ನಮ್ಮಾಕೆ ನೋಡಿಬಿಟ್ಟಿದ್ದಳು.

ಇದರ ನಡುವೆ ಹೆಣ್ಣು ನೋಡಲು ಬೀದರಿನಿಂದ ಒಂದು ಮನೆತನ ಬಂತು. ಹುಡುಗ ಸಂಭಾವಿತ, ಹೆಚ್ಚು ಮಾತಿಲ್ಲ. ಹುಡುಗನ ಕಾಕಾ ಮಾತ್ರ ವಕೀಲರ ಹಾಗೆ ಕೇಳುತ್ತಿದ್ದರು. "ನಿಮ್ಮ ಲೋಹದಾಗ ಅಂಥಾದ್ದೇನು ವಿಶೇಷ ಅದರೀ?"

ಕೇಳಬಾರದಿತ್ತು! ಇವಳು ತಟ್ಟೆಯಿಂದ ಒಂದು ಉದ್ದಿನ ವಡೆ ಎತ್ತಿದಳು. "ಇದಕ್ಕ ಟೋಪೋಲಾಜಿ ಅಂತಾರ್ರಿ ಕಾಕಾ. ಈ ವಡಿ ಚಪ್ಪಟಿ ಮಾಡ್ರಿ, ಸೊಟ್ಟ ಮಾಡ್ರಿ," ಎಂದು ಅವರ ಎದುರಿಗೇ ಅದನ್ನು ಹಿಚುಕಿದಳು. "ನಡುವಿನ ತೂತು ಹೋಗ್ತದೇನು? ಹರಿದ್ರಷ್ಟೇ ಹೋಗ್ತದ. ನನ್ನ ಲೋಹದಾಗ ಎಲೆಕ್ಟ್ರಾನಿನ ನಡಿಗಿ ಒಳಗೂ ಇಂಥಾದ್ದೇ ಒಂದು ಗಂಟು ಅದ. ಜರಾ ಧಕ್ಕಿ ಬಿದ್ರ, ಹೊಲಸು ಕೂತ್ರ ಅದು ಬಿಚ್ಚೂದಿಲ್ಲ. ಅದಕ್ಕೇ ಸಣ್ಣ ಕರೆಂಟಿಗೂ ದೊಡ್ಡ ಪೆಟ್ಟು ಕೊಡ್ತದ."

ಕಾಕಾ ಹಿಚುಕಿದ ವಡೆಯನ್ನೇ ನೋಡುತ್ತಿದ್ದರು. ಹುಡುಗ ಮೆಲ್ಲಗೆ ಕೈ ಚಾಚಿ, ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ ಕೇಳಿದ: "ಈಗ ತೂತ ಎಲ್ಲಿ ಹೋಯ್ತ್ರಿ?"

ನಮ್ಮ ಮನೆಯಲ್ಲಿ ಯಾರೂ ಅವಳನ್ನು ಹೀಗೆ ಅವಳ ಮಾತಿನಲ್ಲೇ ಹಿಡಿದದ್ದಿಲ್ಲ! ಅವಳು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋಗಿ, "ಆಯಿ, ಅವರಿಗಿ ಹೇಳು, ಮ್ಯಾಗ್ನೆಟ್ ತಿರಗೋ ತನ ಕಾಯ್ಬೇಕು ಅಂತ," ಅಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಆಯಿ ಹೊರಗೆ ಬಂದು ಹೇಳಿದಳು. ಹುಡುಗ ಇನ್ನೊಂದು ವಡೆ ಎತ್ತಿಕೊಂಡು, "ಕಾಯ್ತೀನ್ರಿ," ಅಂದ.

ಮುಂದೆ ಎಳ್ಳ ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಮನೆಯಲ್ಲಿ ಕೂತು ಉಣ್ಣುವವರು ಯಾರೂ ಇಲ್ಲ. ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ, ಬೆಳೆದು ನಿಂತ ಬೆಳೆಗೆ ಮೊದಲು ಚರಗ ಚೆಲ್ಲಿ, ಅಂದರೆ ಅದಕ್ಕೆ ಉಣ್ಣಲಿಕ್ಕಿ, ಆಮೇಲೆ ನಾವು ಉಣ್ಣಬೇಕು. ಮೊಮ್ಮಗಳು ಫೋನಿನಲ್ಲಿ, "ಈ ಸಲ ಹೊಲಕ್ಕ ಬರೂದಿಲ್ಲ ಮುತ್ಯಾ. ಹೊಸ ಸ್ಯಾಂಪಲ್ ಬಂದಾದ, ಇವತ್ತು ನೋಡ್ಲೇಬೇಕು," ಅಂದಳು.

ನಮ್ಮಾಕೆ ಬುಟ್ಟಿಗೆ ಬಟ್ಟೆ ಮುಚ್ಚಿ ಎದ್ದಳು. "ಏನ್ರಿ, ಅಕಿ ಬೆಳಿ ಎಲ್ಲಿ ಅದ?"

"ಅಕಿಗಿ ಎಲ್ಲಿ ಬೆಳಿ? ಅಕಿದು ಮ್ಯಾಗ್ನೆಟ್."

"ಅದೇ ಅಕಿ ಬೆಳಿ. ಯಾರ ಬೆಳಿ ಎಲ್ಲಿ ಅದೋ ಚರಗ ಅಲ್ಲಿಗೇ ಹೋಗ್ಬೇಕು. ನಡೀರಿ ಬೀದರಕ್ಕ!"

ಬುಟ್ಟಿ ಹೊತ್ತು ಬಸ್ಸಿನಲ್ಲಿ ಬೀದರಿಗೆ ಹೋದೆವು. ನಮ್ಮಾಕೆಗೆ ಮೊಣಕಾಲು ನೋವು. ಸಂತೆಯಲ್ಲಿ ಕೊಂಡ ಒಂದು ದಪ್ಪ ಪಟ್ಟಿಯನ್ನು ಸದಾ ಕಟ್ಟಿಕೊಂಡಿರುತ್ತಾಳೆ. ಇದನ್ನು ಕಟ್ಟಿದರೆ ನೋವು ಹೋಗುತ್ತದೆ ಎಂದು ಮಾರುವವನು ಹೇಳಿದ, ಇವಳು ನಂಬಿದಳು, ಇವಳ ಮಾತಿನ ಮೇಲೆ ನೋವೂ ನಂಬಿತು. ಕಾಲೇಜಿನ ಬಾಗಿಲಲ್ಲಿ ಕಾವಲಿಗಿದ್ದ ಚಾಚಾ ನಮ್ಮ ಬುಟ್ಟಿಗೆ ಅಡ್ಡ ಬಂದರು. "ಅಂದರ್ ಖಾನಾ ಮನಾ ಹೈ, ದಾದೀಮಾ," ಒಳಗೆ ಊಟ ಒಯ್ಯುವಂತಿಲ್ಲ. ನಮ್ಮಾಕೆ ಒಂದು ರೊಟ್ಟಿಯ ಮೇಲೆ ಭಜ್ಜಿ ಹಾಕಿ ಅವರ ಕೈಗಿತ್ತಳು. ಚಾಚಾ ಒಂದು ತುತ್ತು ತಿಂದು, "ಪೈಲೇಚ್ ಬೋಲ್ನಾ ನಾ, ಭಜ್ಜಿ ಹೈ ಬೋಲ್ಕೆ!" ಎಂದು ಬಾಗಿಲು ಪೂರ್ತಿ ತೆರೆದರು. ಭಜ್ಜಿ ಎಂದು ಮೊದಲೇ ಹೇಳಬಾರದಿತ್ತೇ!

ಮೊಮ್ಮಗಳು ನಮ್ಮನ್ನು ಕಂಡು ಕುಣಿದಳು. ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಕರಿ ಬಟ್ಟೆ, ಬಟ್ಟೆಯ ಮೇಲೆ ಒಂದು ಸಣ್ಣ ಸ್ಟ್ಯಾಂಡು. ಸ್ಟ್ಯಾಂಡಿನ ತಲೆಯ ಮೇಲೆ ಉಗುರಿನಷ್ಟು ಅಗಲದ ಆ ಸ್ಯಾಂಪಲ್. ಸುತ್ತ ತಂತಿಗಳು, ಒಂದು ಕಂಪ್ಯೂಟರು. ಆಸರೆಯ ಅಯಸ್ಕಾಂತವನ್ನು ಆಗಲೇ ದೂರ ತೆಗೆದಿಟ್ಟಿದ್ದಳು. ನಮ್ಮಾಕೆ ಪಟ್ಟಿ ಬಿಚ್ಚಿ ನೆಲದ ಮೇಲೆ ಕೂತು ಬುಟ್ಟಿ ಬಿಚ್ಚಿದಳು. ಮೊಮ್ಮಗಳು ಕೈ ತೊಳೆಯಲು ಹೊರಗೆ ಹೋದಳು. ನಾನು ಅಂಬಲಿಯ ಗಡಿಗೆ ತೆರೆಯುವುದರಲ್ಲಿದ್ದೆ. ನಮ್ಮಾಕೆ ಮೇಜಿನ ಹತ್ತಿರ ಹೋಗಿ ಅದಕ್ಕೊಂದು ಕೈ ಮುಗಿದು, ನಾಲ್ಕು ದಿಕ್ಕಿಗೂ ನಾಲ್ಕು ಕಾಳು ತೋರಿಸಿ ಬಂದಳು. ಚರಗ ಮುಗಿಯಿತು.

ಉಂಡೆವು. ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಗೆರೆ ಮೇಲಿದ್ದರೆ ಅಯಸ್ಕಾಂತದ ಮುಖ ಮೇಲೆ, ಕೆಳಗಿಳಿದರೆ ಮಗ್ಗುಲಾಯಿತು ಎಂದು ಲೆಕ್ಕ. ಗೆರೆ ದಡಕ್ಕನೆ ಕೆಳಗಿಳಿಯಿತು. ಕರೆಂಟು ಉಲ್ಟಾ ಬಿಟ್ಟಳು. ಮೇಲೆದ್ದಿತು. ಮತ್ತೆ ಕೆಳಗೆ. ಮತ್ತೆ ಮೇಲೆ. ಹೇಳಿದಂತೆ, ಪ್ರತಿ ಸಲ!

"ಆಯೀ!" ಎಂದು ಕೂಗಿದ ಕೂಗಿಗೆ ಚಾಚಾ ಲಾಠಿ ಹಿಡಿದು ಓಡಿ ಬಂದರು. ಅವಳು ಆಯಿಯನ್ನು ಎತ್ತಿ ತಿರುಗಿಸಿದಳು, ನನ್ನನ್ನು ಅಪ್ಪಿದಳು, ಚಾಚಾರ ಲಾಠಿ ಕಸಿದುಕೊಂಡು ಕುಣಿದಳು. ಗೈಡ್ ಸಾಹೇಬರಿಗೆ ಫೋನ್ ಹೋಯಿತು. ನಾನು ಔರಾದಿಗೆ ಫೋನ್ ಹಚ್ಚಿ, ಅವರು ಕೇಳುವ ಮೊದಲೇ, "ಮಗ್ಗಲಾತ್ರಿ!" ಎಂದು ಗಿರಣಿಯ ದನಿಯಲ್ಲಿ ಕೂಗಿದೆ. ಬಸ್ಸಿಗೆ ಹೊತ್ತಾಯಿತೆಂದು ನಮ್ಮಾಕೆ ತನ್ನ ಸಾಮಾನೆಲ್ಲ ಕೂಡಿಸಿಕೊಂಡು, ಪಟ್ಟಿ ಕಟ್ಟಿಕೊಂಡು, "ಚರಗ ಅಂದ್ರ ಸುಮ್ನ ಅಲ್ಲ ನೋಡ್ರಿ!" ಎಂದು ದಾರಿಯುದ್ದಕ್ಕೂ ನನಗೆ ಪಾಠ ಮಾಡಿದಳು.

ಮರುದಿನ ಅಯಸ್ಕಾಂತ ತಿರುಗಲಿಲ್ಲ.

ಅದರ ಮರುದಿನವೂ ಇಲ್ಲ. ಮತ್ತೆ ಹಳೆಯ ಚಾಳಿ: ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಮನಸ್ಸು ಬಂದಂತೆ. ಹುಡುಗಿ ತಂತಿ ಬದಲಿಸಿದಳು, ಕಂಪ್ಯೂಟರು ಬದಲಿಸಿದಳು, ಕುರ್ಚಿಯನ್ನೂ ಬದಲಿಸಿದಳು. ಏನೂ ಆಗಲಿಲ್ಲ. ಭಾನುವಾರ ಭಾಲ್ಕಿಗೆ ಬಂದವಳು ಸೀದಾ ಬಂದು ಆಯಿಯ ಕಾಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಆಯಿ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚಲು ಕೂದಲಿನ ಪಿನ್ನು ತೆಗೆದಳು. ಪಿನ್ನು ಕೈಜಾರಿತು. ಜಾರಿದ್ದು ನೆಲಕ್ಕೆ ಬೀಳಬೇಕೋ ಬೇಡವೋ? ಅದು ಹಾರಿ ಹೋಗಿ ಆಯಿಯ ಮೊಣಕಾಲಿಗೆ ಅಂಟಿ ನಿಂತಿತು!

ಮೊಮ್ಮಗಳು ಎದ್ದು ಕೂತಳು. ಪಿನ್ನು ಕಿತ್ತಳು, ಬಿಟ್ಟಳು. ಮತ್ತೆ ಟಕ್ಕನೆ ಅಂಟಿತು.

"ಆಯಿ, ಈ ಪಟ್ಟಿ ಒಳಗ ಏನ್ ಅದ?"

"ನನಗೇನ್ ಗೊತ್ತವ್ವಾ? ಕರೀ ಬಿಲ್ಲಿ ಹೊಲದಾರ. ಯಾಕ?"

"ಅವತ್ತು ಲ್ಯಾಬಿಗಿ ಬಂದಾಗ ಇದನ್ನ ಬಿಚ್ಚಿ ಎಲ್ಲಿ ಇಟ್ಟಿದ್ದಿ?"

"ನಿನ್ನ ಸ್ಟ್ಯಾಂಡ್ ಕುಂಟ್ಲತಿತ್ತು," ಆಯಿ ಎಣ್ಣೆಯ ಬಟ್ಟಲು ಎಳೆದುಕೊಳ್ಳುತ್ತ ಹೇಳಿದಳು. "ಅಷ್ಟು ನಾಜೂಕು ಕೆಲಸ ಮಾಡ್ತೀರಿ, ಕೆಳಗ ಒಂದು ಒತ್ತು ಕೊಡ್ಲಿಕ್ಕ ಬರೂದಿಲ್ಲ ನಿಮಗ! ಪಟ್ಟಿ ಮಡಚಿ ಕರಿ ಬಟ್ಟಿ ಕೆಳಗ ತುರಕಿದ್ದೆ. ಹೋಗ್ತಾ ತೊಗೊಂಡು ಬಂದೆ."

ಇಲ್ಲಿ ನಮ್ಮಾಕೆಯ ಸ್ವಭಾವ ನಿಮಗೆ ಹೇಳಬೇಕು. ಅವಳ ಕಣ್ಣೆದುರಿಗೆ ಯಾವ ವಸ್ತುವೂ ಕುಂಟುವಂತಿಲ್ಲ. ಮಂಚವಿರಲಿ, ಮಣೆಯಿರಲಿ, ಬೀಗರ ಮನೆಯ ಮೇಜಿರಲಿ, ಅಲುಗಾಡಿದರೆ ಕೆಳಗೆ ಏನಾದರೂ ಮಡಚಿ ತುರುಕಲೇಬೇಕು. ಅಂತೂ ಜಗತ್ತಿನವರೆಲ್ಲ ಬೇಕೆನ್ನುವ, ನಮ್ಮ ಹುಡುಗಿ ಬೇಡವೇ ಬೇಡ ಎಂದ ಆಸರೆಯ ಅಯಸ್ಕಾಂತ ಅವತ್ತು ಅವಳ ಮೂಗಿನಡಿಯಲ್ಲೇ, ಮೊಣಕಾಲಿನ ಪಟ್ಟಿಯ ವೇಷದಲ್ಲಿ ಮಲಗಿತ್ತು!

ಮೊಮ್ಮಗಳು ನಕ್ಕಳು. ನೆಲದ ಮೇಲೆ ಹೊರಳಾಡಿ ನಕ್ಕಳು. ನಾವೂ ನಕ್ಕೆವು. ಎಷ್ಟೋ ಹೊತ್ತಿನ ಮೇಲೆ ನನಗೆ ತಿಳಿಯಿತು, ನಗುತ್ತಿರುವವರು ನಾವಿಬ್ಬರೇ, ಅವಳು ಅಳುತ್ತಿದ್ದಾಳೆ.

ಅಲ್ಲೇ, ನಮ್ಮೆದುರಿಗೇ, ಗೈಡ್ ಸಾಹೇಬರಿಗೆ ಫೋನ್ ಹಚ್ಚಿದಳು. "ಸರ್, ಅಮಾವಾಸ್ಯೆ ದಿನ ಬಂದ ರಿಸಲ್ಟ್ ತಪ್ಪು ಸರ್. ಅದು ನಮ್ಮ ಅಜ್ಜಿಯ ಮೊಣಕಾಲು." ಅತ್ತ ಕಡೆಯಿಂದ ಕೇಳಿದ ಸದ್ದು ಕೆಮ್ಮೋ ನಗುವೋ ನನಗೆ ಗೊತ್ತಾಗಲಿಲ್ಲ. ಯಾರಿಗೂ ಹೇಳದೆ ಇರಬಹುದಿತ್ತಲ್ಲ ಎಂದು ಆಮೇಲೆ ಯಾರೋ ಅಂದರು. ಹಿಟ್ಟಿನಲ್ಲಿ ಕಬ್ಬಿಣ ಇದೆ ಎಂದು ಸ್ವಂತ ಮುತ್ಯಾನ ಗಿರಾಕಿಗಳಿಗೆ ಹೇಳಿದವಳು ಇದನ್ನು ಮುಚ್ಚಿಡುತ್ತಾಳೆಯೇ?

ನಮ್ಮಾಕೆ ಅವತ್ತು ಊಟ ಬಿಟ್ಟಳು. ಪಟ್ಟಿಯನ್ನು ಬಿಚ್ಚಿ ಹಿತ್ತಲಿಗೆ ಎಸೆದಳು. ನಾನು ಹೋಗಿ ಎತ್ತಿಕೊಂಡು ಬಂದೆ. ಮೊಮ್ಮಗಳು ಮಾತ್ರ ಸಂಜೆಯವರೆಗೆ ಆ ಪಟ್ಟಿಯನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತ ಕೂತಿದ್ದಳು. ಚಹಾ ಕುಡಿಯುವಾಗ ಒಮ್ಮೆಲೇ ಅಂದಳು: "ಆಯಿ, ನಿನ್ನ ಪಟ್ಟಿ ಭಾಳ ಬಡವ ಮ್ಯಾಗ್ನೆಟ್. ಇಷ್ಟು ಸಣ್ಣ ಆಸರಕ್ಕೇ ಅದು ತಿರಗ್ಯಾದ ಅಂದ್ರ ನನ್ನ ಲೋಹ ಗುರಿ ಬಾಜೂಕೇ ಬಂದು ನಿಂತದ. ನಾನೇ ಕರೆಂಟನ್ನ ಅಡ್ಡ ದಿಕ್ಕಿನಾಗ ಬಿಡ್ಲತಿದ್ದೆ. ಲೋಹದ ಹರಳಿಗೂ ಎಳಿ ಇರ್ತದ, ಕಟ್ಟಿಗಿಗಿ ಇದ್ದಂಗ. ಆ ಎಳಿ ಹಿಡಿದು ಬಿಟ್ರ?"

ಬಿಟ್ಟರೆ ಏನಾಗುತ್ತದೆ ಎಂದು ನಮಗೇನು ಗೊತ್ತು? "ಬಿಡವ್ವಾ, ಬಿಟ್ಟು ನೋಡು," ಅಂದೆವು. ಗೈಡ್ ಸಾಹೇಬರು ಕೊನೆಯದಾಗಿ ಒಂದು ಸ್ಯಾಂಪಲ್ ಮಾಡಿಸಿಕೊಡಲು ಒಪ್ಪಿದರು. ಇನ್ನೊಂದಕ್ಕೆ ಸಮಯವಿರಲಿಲ್ಲ. ಇದೇ ಕಡೆಯದು.

ಅದು ಬಂದದ್ದು ಹೋಳಿ ಕಳೆದ ಮೇಲೆ. ನಾವೂ ಬೀದರಿಗೆ ಹೋದೆವು. ಆದರೆ ನಮ್ಮಾಕೆ ಒಳಗೆ ಬರಲು ಸುತರಾಂ ಒಪ್ಪಲಿಲ್ಲ. ಪಟ್ಟಿಯನ್ನು ಭಾಲ್ಕಿಯಲ್ಲೇ ಬಿಟ್ಟು ಬಂದಿದ್ದಳು. ಅಷ್ಟು ಸಾಲದೆಂದು ಕಾಲೇಜಿನ ಬಾಗಿಲಲ್ಲಿ ಕುಪ್ಪಸದ ಪಿನ್ನು ಬಿಚ್ಚಿ ಚಾಚಾರ ಕೈಗೆ ಕೊಟ್ಟಳು, ಸೊಂಟದ ಬೀಗದ ಕೈ ಕೊಟ್ಟಳು, ಕಾಲುಂಗುರ ಬಿಚ್ಚಲು ಹೊರಟಾಗ ಚಾಚಾ ಕೈ ಮುಗಿದು ತಡೆದರು. ಆಮೇಲೆ ಕಟ್ಟಡದಿಂದ ದೂರ, ಬೇವಿನ ಮರದ ಕೆಳಗೆ ಹೋಗಿ ಕೂತಳು.

"ಅಷ್ಟು ದೂರ ಯಾಕ?" ಅಂದೆ.

"ನನ್ನ ಮೈಯಾಗೇ ಏನರ ಇದ್ರ?" ಅಂದಳು. ನಾನು ನಗಲು ಹೋದವನು ಅವಳ ಮುಖ ನೋಡಿ ಪಕ್ಕದಲ್ಲೇ ಕೂತೆ.

ಮರದ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಚಾಚಾ ಎರಡು ಸಲ ಚಹಾ ತಂದರು. ನಮ್ಮಾಕೆ ಮುಟ್ಟಲಿಲ್ಲ. ಕೊನೆಗೆ ಮೊಮ್ಮಗಳು ಹೊರಗೆ ಬಂದಳು. ಓಡಲಿಲ್ಲ, ಕೂಗಲಿಲ್ಲ. ಮೆಲ್ಲಗೆ ನಡೆದು ಬಂದು ಆಯಿಯ ಕೈ ಹಿಡಿದು ಎಬ್ಬಿಸಿದಳು.

"ಒಳಗ ಬಾ."

"ನಾ ಒಲ್ಲೆ. ಮೊದಲ ಹೇಳು, ತಿರಗಿತೋ ಇಲ್ಲೋ?"

"ನೀನೇ ನೋಡು ಬಾ."

ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದಳು. ಆಯಿಯ ಬೆರಳು ಹಿಡಿದು ಗುಂಡಿಯ ಮೇಲಿಟ್ಟು ಒತ್ತಿಸಿದಳು. ಗೆರೆ ದಡಕ್ಕನೆ ಕೆಳಗಿಳಿಯಿತು. ಇನ್ನೊಂದು ಗುಂಡಿ ಒತ್ತಿಸಿದಳು. ಮೇಲೆದ್ದಿತು. ನಮ್ಮಾಕೆ ಮೊದಲು ಬಗ್ಗಿ ಕರಿ ಬಟ್ಟೆಯ ಕೆಳಗೆ ನೋಡಿದಳು. ಏನೂ ಇರಲಿಲ್ಲ. ಆಮೇಲೆ ತಾನೇ ಒತ್ತಿದಳು. ಕೆಳಗೆ. ಮೇಲೆ. ಕೆಳಗೆ. ಮೇಲೆ.

"ಮುಂಜಾನಿಂದ ಒಂದು ಸಲನೂ ತಪ್ಪಿಲ್ಲ ಆಯಿ. ಯಾರ ಆಸರನೂ ಇಲ್ಲ. ಬಾಜೂಕ ಮ್ಯಾಗ್ನೆಟ್ ಬ್ಯಾಡ, ಪಟ್ಟಿ ಬ್ಯಾಡ, ಏನೂ ಬ್ಯಾಡ!"

ಗೈಡ್ ಸಾಹೇಬರು ಪ್ರಬಂಧ ಬರೆಯಲು ಕೂಡು ಎಂದು ಆಗಲೇ ಹೇಳಿದ್ದರಂತೆ. ಔರಾದಿಗೂ, ವಡೆ ತಿಂದು ಕಾಯುತ್ತಿದ್ದ ಆ ಹುಡುಗನಿಗೂ ಸುದ್ದಿ ಮುಟ್ಟಿಸಬೇಕೆಂದು ನಾನು ಗಿರಣಿಯ ದನಿ ತೆಗೆಯುವುದರಲ್ಲಿದ್ದೆ. ಆಗ ನಮ್ಮಾಕೆ ಗುಂಡಿಯಿಂದ ಬೆರಳು ತೆಗೆದು, ಮಡಿಲಲ್ಲಿ ಕೈ ಇಟ್ಟುಕೊಂಡು, ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾದ್ರ ಇನ್ನ ಆಸರ ಬೇಕಾಗೂದೇ ಇಲ್ಲೇನು?"

ಅವಳು ಕೇಳಿದ್ದು ಅಯಸ್ಕಾಂತದ ಮಾತಲ್ಲ ಎಂದು ನನಗೆ ತಿಳಿಯಿತು. ಹುಡುಗಿಗೂ ತಿಳಿಯಿತು. ಅವಳು ಆಯಿಯ ಮುಂದೆ ನೆಲಕ್ಕೆ ಕೂತು, ಎರಡೂ ಮೊಣಕಾಲ ಮೇಲೆ ಕೈಯಿಟ್ಟು, "ಅದಕ್ಕ ಬ್ಯಾಡ ಆಯಿ. ನನಗ ಬೇಕು," ಅಂದಳು.

ಮೊಮ್ಮಗಳ ಕನ್ನಡಕ ಪೂರ್ತಿ ಒದ್ದೆಯಾಗಿತ್ತು. ನಮ್ಮಾಕೆ ಅದನ್ನು ಮೆಲ್ಲಗೆ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಅವಳ ಮೂಗಿನ ಮೇಲಿಟ್ಟಳು.

"ಈಗ ಕಾಣ್ಲತಾದೇನು?"

"ಕಾಣ್ಲತಾದ ಆಯಿ."

ನನ್ನ ಕನ್ನಡಕವನ್ನು ಯಾರೂ ಒರೆಸಲಿಲ್ಲ. ನಾನು ಅದರ ಹಿಂದಿನಿಂದಲೇ, ಮಂಜು ಮಂಜಾಗಿ, ಇಬ್ಬರನ್ನೂ ನೋಡುತ್ತ ನಿಂತಿದ್ದೆ.